ಫಕೀರವ್ವ ಬೀಳಬೇಕಿದ್ದ ಎಲ್ಲರಂಗಳ

ಜೋಡಕಟ್ಟಿ ಓಣಿ, ಗದಗ
ಕೆರೆ ಮರಳಿದ ನೂರಾ ಹನ್ನೊಂದನೆಯ ವರ್ಷ
ಬಿಸಿಲ ತಿಂಗಳ ನಲವತ್ತೊಂದನೆಯ ದಿನ

ನಮಗಿಂತ ಮೊದಲಿನವರೇ,

ಮೇಲಿನ ತಾರೀಖನ್ನು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಬದಿಗಿಡಬೇಡಿ. ಬತ್ತಿದ ಕೆರೆಗೆ ನೀರು ಮರಳಿದಂದಿನಿಂದ ನಾವು ವರ್ಷ ಎಣಿಸುತ್ತೇವೆ, ಬಿಸಿಲು ಮುಗಿಯುವ ತನಕ ನಮ್ಮಲ್ಲಿ ಬಿಸಿಲ ತಿಂಗಳು ಮುಗಿಯುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿ ಎಂದು ತಿಳಿದವರಿಬ್ಬರನ್ನು ಕೇಳಿದೆ. ಇಬ್ಬರೂ ಬೇರೆ ಬೇರೆ ಹೇಳಿ, ಆಮೇಲೆ ತಮ್ಮತಮ್ಮಲ್ಲೇ ಮುನಿಸಿಕೊಂಡರು. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಪಾಠವಾಗಿ ಕಲಿತವಳು. ನಮಗೆ ಅದು ಹಳಗನ್ನಡ. ನಿಮ್ಮಲ್ಲಿ ಪದವಿಲ್ಲದ ಕಡೆ ನಮ್ಮ ಪದವನ್ನೇ ಇಟ್ಟು ಅರ್ಥ ಹೇಳಿದ್ದೇನೆ. ಓಣಿಯವರ ಮಾತನ್ನು ಮಾತ್ರ ನಿಮ್ಮ ಕಾಲದ ಗದಗಿನವರ ಆಡುಮಾತಿಗೆ ತಿರುಗಿಸಿದ್ದೇನೆ. ಹಳೆಯ ಧ್ವನಿಮುದ್ರಣ ಕೇಳಿ ಕಲಿತದ್ದು ಅದು. ತಪ್ಪಿದ್ದರೆ ನಗಿರಿ, ಅಡ್ಡಿಯಿಲ್ಲ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಅಂಚೆಯ ಬಾಯಿಗೆ ಕಾಗದ ಹಾಕಿದರೆ ಒಳಗೆ ಸದ್ದಾಗುತ್ತದೆ, ಆಮೇಲೆ ಕಾಗದ ಇರುವುದಿಲ್ಲ, ಅಷ್ಟೆ. ಹೊಸ ಎಲ್ಲರಂಗಳ ಕಟ್ಟಿದ ಓಣಿಯವರು ಹಿಂದಿನವರಿಗೊಂದು ಕಾಗದ ಬರೆಯುವುದು ನಮ್ಮಲ್ಲಿ ವಾಡಿಕೆ. ಸಾಮಾನ್ಯವಾಗಿ ಅದರಲ್ಲಿ ನಿಮಗೆ ವಂದನೆ ಇರುತ್ತದೆ, ಅಂಗಳದ ವರ್ಣನೆ ಇರುತ್ತದೆ. ನನಗೂ ಅದನ್ನೇ ಬರೆಯಲು ಹೇಳಿದ್ದರು. ಬರೆಯಲು ಕೂತಾಗ ವರ್ಣನೆಗಿಂತ ಪ್ರಶ್ನೆಯೇ ಮುಂದೆ ಬಂದು ನಿಂತಿತು.

ಎಲ್ಲರಂಗಳ ಎಂದರೆ ಎಲ್ಲ ಮೈಯವರೂ ಆಡುವ ಜಾಗ. ನಿಮ್ಮಲ್ಲೂ ಅಲ್ಲಲ್ಲಿ ಅದನ್ನು ಕಟ್ಟಲು ಶುರುಮಾಡಿದ್ದರೆಂದು ಓದಿದ್ದೇನೆ. ನಮ್ಮದನ್ನು ಹಳೆಯ ಹತ್ತಿ ಅಡತಿಯ ಬಯಲಿನಲ್ಲಿ ಕಟ್ಟಿದೆವು. ನೆಲಕ್ಕೆ ಮೆತ್ನೆಲ ಹಾಸಿದ್ದೇವೆ. ಗಾಲಿ ಉರುಳಿದರೆ ಗಟ್ಟಿಯಾಗಿ, ಮೈ ಬಿದ್ದರೆ ಮೆತ್ತಗಾಗಿ ನಿಲ್ಲುವ ಹಾಸು ಅದು. ಜೋಕಾಲಿಗಳಲ್ಲಿ ನಿಂತು ಆಡುವುದಿದೆ, ಗಾಲಿಕುರ್ಚಿ ಸಮೇತ ಹತ್ತುವುದಿದೆ, ಮಂಚದಂಥದ್ದೂ ಒಂದಿದೆ. ಅದರಲ್ಲಿ ನಮ್ಮ ಹಾಲಪ್ಪ ಮಾಸ್ತರರು ಮಲಗಿಕೊಂಡೇ ತೂಗುತ್ತಾರೆ. ಕಣ್ಣಿಲ್ಲದವರಿಗಾಗಿ ಅಲ್ಲಲ್ಲಿ ಗುನುಗುವ ಕಂಬಗಳಿವೆ. ಒಂದೊಂದು ಕಂಬದ್ದು ಒಂದೊಂದು ಸ್ವರ, ನೀರಿನ ತೊಟ್ಟಿಯ ಹತ್ತಿರದ್ದು ಮಾತ್ರ ಸ್ವಲ್ಪ ಬೇಸುರು. ಗದ್ದಲ ತಾಳಲಾರದವರಿಗೆ ಸುಮ್ಮನಮೂಲೆ ಇದೆ. ನಾನು ಹೆಚ್ಚಾಗಿ ಅಲ್ಲಿರುತ್ತೇನೆ. ಓಣಿಯ ಹಿರಿಯರಾದ ಶಂಕ್ರಪ್ಪಜ್ಜ ತಮಗಾಗಿ ಕೇಳಿದ್ದು ಒಂದು ಕಟ್ಟೆಯನ್ನು. ಆಟ ತಮಗೆ ಸಾಕಾಗಿದೆ, ಕೂತು ವಾದ ಮಾಡಲು ಜಾಗ ಬೇಕು ಎಂದರು. ಅದನ್ನೂ ಕಟ್ಟಿದೆವು; ಜನ ಅದಕ್ಕೆ ಜಗಳಗಟ್ಟೆ ಎಂದು ಹೆಸರಿಟ್ಟಿದ್ದಾರೆ.

ಇನ್ನು ಕೈಪಾಠದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಮಕ್ಕಳು ಅಕ್ಷರ ಕಲಿಯುವ ಮೊದಲು ಕೈ ಚಾಚುವುದನ್ನು ಕಲಿಯುತ್ತಾರೆ. ಟೀಚರು ಮಕ್ಕಳ ನಡುವೆ ಓಡಾಡುತ್ತ ಇದ್ದಕ್ಕಿದ್ದಂತೆ ತೂಕ ತಪ್ಪಿದವರ ಹಾಗೆ ಜೋಲಿ ಹೊಡೆಯುತ್ತಾರೆ. ಹತ್ತಿರ ಇದ್ದ ಮಗು ಕೈ ಕೊಡಬೇಕು. ಆಟವಾಡುವಾಗ, ಉಣ್ಣುವಾಗ, ಅಳುವಾಗ ಕೂಡ ಹೀಗೆ ಪರೀಕ್ಷೆ ನಡೆಯುತ್ತದೆ. ಒಂದೆರಡು ವರ್ಷದಲ್ಲಿ ಕೈ ತಾನೇ ಹೋಗತೊಡಗುತ್ತದೆ, ಮನಸ್ಸಿನ ಅಪ್ಪಣೆ ಕೇಳುವುದಿಲ್ಲ. ಸಂತೆಯಲ್ಲಿ ಯಾರಾದರೂ ತೂಕ ತಪ್ಪಿದರೆ ಸುತ್ತಲಿನವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಹಿಡಿಯುತ್ತಾರೆ. ಬದನೆಕಾಯಿ, ಮೊಸರಿನ ಗಡಿಗೆ, ಎಲ್ಲ ನೆಲಕ್ಕೆ. ಮೊಸರು ಮಾರುವವರು ಇದನ್ನೂ ಬೆಲೆಯಲ್ಲೇ ಸೇರಿಸಿರುತ್ತಾರೆ. ನಿಮ್ಮ ಕಾಲದಲ್ಲಿ ಮನುಷ್ಯರು ರಸ್ತೆಯಲ್ಲಿ ಬಿದ್ದರೂ ಉಳಿದವರು ಸುತ್ತು ಹಾಕಿ ಹೋಗುತ್ತಿದ್ದರೆಂದು ನಮ್ಮ ಅಜ್ಜಿಯರು ರಾಕ್ಷಸರ ಕಥೆ ಹೇಳಿದಂತೆ ಹೇಳುತ್ತಿದ್ದರು. ನಾನು ಅದನ್ನು ಪೂರ್ತಿ ನಂಬಿರಲಿಲ್ಲ.

ಎಲ್ಲರಂಗಳ ತೆರೆಯುವ ಮೊದಲು ಬೀಳುದಿನ ಬರುತ್ತದೆ. ಓಣಿಯಲ್ಲಿ ಇರುವ ಪ್ರತಿಯೊಬ್ಬರೂ ಆ ನೆಲದ ಮೇಲೆ ಒಮ್ಮೆ ಬೀಳಬೇಕು, ಬಿದ್ದು ಎದ್ದು, ನೋವಾಯಿತೋ ಇಲ್ಲವೋ ಎಲ್ಲಿ ಆಯಿತು ಎಂದು ತನ್ನ ಬಾಯಿಂದಲೇ ಹೇಳಬೇಕು. ಒಬ್ಬರ ಮಾತು ಬಾಕಿ ಇದ್ದರೂ ಬಾಗಿಲಿಗೆ ಕಟ್ಟಿದ ಹತ್ತಿ ಹಗ್ಗ ಬಿಚ್ಚುವಂತಿಲ್ಲ. ಎಳೆಗೂಸುಗಳಿಗೆ ಮಾತ್ರ ಪರಮಾತು ಉಂಟು, ಅಂದರೆ ಅವರ ಬದಲು ತಾಯಿ ಬಿದ್ದು ತಾಯಿ ಹೇಳುವುದು. ಪರಮಾತಿನವರು ಮುಂದೆ ಅಂಗಳದಲ್ಲಿ ಪಕ್ಕದಲ್ಲೊಬ್ಬರು ಕಾವಲಿನವರಿಲ್ಲದೆ ಆಡುವಂತಿಲ್ಲ.

ನಮ್ಮ ಬೀಳುದಿನ ಮಧ್ಯಾಹ್ನದವರೆಗೆ ಸಂತೋಷವಾಗಿಯೇ ನಡೆಯಿತು. ಕಣ್ಣಿಲ್ಲದ ಖಾದರಸಾಬ ಕಾಕಾ ಮೋಟುಗೋಡೆಯ ಮೇಲಿಂದ ಬೆನ್ನುಮುಂದಾಗಿ ಬಾವಿಗೆ ಹಾರಿದವರಂತೆ ಬಿದ್ದು, ಇನ್ನೊಮ್ಮೆ ಬೀಳಲು ಅವಕಾಶವಿದೆಯೇ ಎಂದು ಕೇಳಿದರು. ಗಾಲಿಕುರ್ಚಿಯವರು ಕುರ್ಚಿಯನ್ನು ತಾವೇ ಮಗುಚಿಕೊಂಡರು. ಹಾಲಪ್ಪ ಮಾಸ್ತರರು ಮಂಚದ ಜೋಕಾಲಿಯಿಂದ ಉರುಳಿ ಬಿದ್ದು, ಮೂಗಿನಲ್ಲಿ ಹತ್ತಿಯ ಧೂಳು ಹೊಕ್ಕಿತೆಂದು ದೂರು ಕೊಟ್ಟರು. ಶಂಕ್ರಪ್ಪಜ್ಜ ಬೀಳಲು ಬಹಳ ಹೊತ್ತು ಒಪ್ಪಲಿಲ್ಲ, ಆಮೇಲೆ ಧೋತರದ ಕಚ್ಚೆ ಬಿಗಿದು ಮೆಲ್ಲಗೆ ಕೂತು, ಮಲಗಿ, ಇದೇ ಬಿದ್ದ ಹಾಗೆ ಎಂದರು. ಜನ ಒಪ್ಪಲಿಲ್ಲ. ಎರಡನೆಯ ಸಲ ನಿಜವಾಗಿಯೇ ಬಿದ್ದರು. ಯಾರ ಕೈಯೂ ಅಡ್ಡ ಹೋಗಲಿಲ್ಲ. ತಾನಾಗಿ ಬೀಳುವವರು ಜೋಲಿ ಹೊಡೆಯುವುದಿಲ್ಲ, ಧೊಪ್ಪನೆ ಬೀಳುತ್ತಾರೆ. ನಮ್ಮ ಕೈಗಳು ಕಲಿತಿರುವುದು ಜೋಲಿಯನ್ನು ಗುರುತಿಸುವುದನ್ನು.

ಕೊನೆಗೆ ಉಳಿದವಳು ಫಕೀರವ್ವ. ಅವಳು ನನ್ನ ಓರಗೆಯವಳು, ನಮ್ಮ ಎದುರುಮನೆಯ ನೀಲವ್ವನ ಮಗಳು. ಹುಟ್ಟಿದಾಗಿನಿಂದ ಅವಳ ಕಾಲುಗಳು ಒಂದರ ದಾರಿಗೆ ಒಂದು ಬರುತ್ತವೆ, ಮಾತು ನಿಧಾನ. ನಡೆಯುವುದೆಂದರೆ ಅವಳಿಗೆ ಜೋಲಿಯಿಂದ ಜೋಲಿಗೆ ಹೋಗುವುದು. ಧೊಪ್ಪನೆ ಬೀಳುವುದು ಅವಳ ಮೈಗೆ ಬರುವುದಿಲ್ಲ. ಮೊದಲು ವಾಲುತ್ತಾಳೆ, ಸಾವರಿಸಿಕೊಳ್ಳುತ್ತಾಳೆ, ಮತ್ತೆ ವಾಲುತ್ತಾಳೆ. ಅಷ್ಟು ಹೊತ್ತಿಗೆ ಯಾರಾದರೂ ಹಿಡಿದಿರುತ್ತಾರೆ. ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿದ್ದವಳಲ್ಲ ಎಂಬುದು ಅಂದು ನಮಗೆಲ್ಲ ಒಟ್ಟಿಗೇ ಹೊಳೆಯಿತು. ಅವಳಿಗೆ ಅದು ಮೊದಲೇ ಗೊತ್ತಿತ್ತು.

ಅವಳು ಬಯಲಿನ ನಡುವೆ ಬಂದು ನಿಂತು ವಾಲಿದಳು. ನೀಲವ್ವ ಹಿಡಿದಳು. ನೀಲವ್ವನನ್ನು ಹಗ್ಗದ ಆಚೆ ಕಳಿಸಿದರು. ಫಕೀರವ್ವ ಮತ್ತೆ ವಾಲಿದಳು, ಈ ಸಲ ನಾನು ಹಿಡಿದಿದ್ದೆ. ನಾನು ಸಾಕಷ್ಟು ದೂರದಲ್ಲಿದ್ದೆ, ಯಾವಾಗ ಓಡಿ ಬಂದೆನೋ ತಿಳಿಯದು. ಆಮೇಲೆ ಎಲ್ಲರ ಕೈಗೂ ತುಂಬಿದ ಕೊಡ ಕೊಟ್ಟು ನಿಲ್ಲಿಸಿದರು. ಅವಳು ವಾಲಿದ ಕೂಡಲೇ ಕೊಡಗಳೆಲ್ಲ ನೆಲಕ್ಕೆ ಬಿದ್ದವು, ಅವಳು ಬೀಳಲಿಲ್ಲ. ಆಗ ಶಂಕ್ರಪ್ಪಜ್ಜ, ಎಲ್ಲರೂ ಸುತ್ತ ನಿಂತು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಳ್ಳಿ, ಹಿಡಿದ ಕೈ ಚಾಚಲಾರದು ಎಂದು ಬುದ್ಧಿವಂತಿಕೆಯ ಮಾತು ಹೇಳಿದರು. ಹಾಗೇ ಮಾಡಿದೆವು. ಫಕೀರವ್ವ ವಾಲಿದಳು. ಇಡೀ ಸುತ್ತು ಒಂದೇ ಮೈಯಂತೆ ಮುಂದಕ್ಕೆ ಎಳೆದುಕೊಂಡು ಬಂದು, ಒಬ್ಬರ ಮೇಲೊಬ್ಬರು ಕವುಚಿ ಬಿದ್ದೆವು. ಶಂಕ್ರಪ್ಪಜ್ಜ ಎಲ್ಲರ ಕೆಳಗಿದ್ದರು. ರಾಶಿಯ ಮೇಲೆ, ನಮ್ಮ ಹೆಗಲು ಬೆನ್ನುಗಳು ಹೊತ್ತು ನಿಲ್ಲಿಸಿದಂತೆ, ನೆಟ್ಟಗೆ ಉಳಿದವಳು ಫಕೀರವ್ವ ಒಬ್ಬಳೇ.

ಜನ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ.

ಧೂಳು ಕೊಡವಿಕೊಂಡು ಎದ್ದ ಶಂಕ್ರಪ್ಪಜ್ಜ ಮೆತ್ತಗಿನ ದನಿಯಲ್ಲಿ, ಇದು ಆಗುವ ಕೆಲಸವಲ್ಲ, ನೀಲವ್ವ ಪರಮಾತು ಕೊಡಲಿ, ಮಕ್ಕಳು ಎಷ್ಟು ದಿನ ಹೊರಗೆ ನಿಲ್ಲಬೇಕು ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೀಲವ್ವ ಆಗಲೇ ಸೆರಗು ಸಿಕ್ಕಿಸಿಕೊಂಡು ಬೀಳಲು ಸಿದ್ಧಳಾಗಿದ್ದಳು. ಫಕೀರವ್ವ ಅವ್ವನ ಕಡೆ ನೋಡಿದಳು. ಅವಳ ಮಾತು ಹೊರಬರಲು ಹೊತ್ತು ಹಿಡಿಯುತ್ತದೆ, ನಾವು ಕಾದೆವು.

"ನನ್ನ ಉಣ್ಣಾಕ ನೀ ಕೂಡಸ್ತಿ, ಮಲಗಾಕ ನೀ ಎತ್ತತಿ. ನನ್ನ ಬೀಳೂದೂ ನೀನ ಬೀಳಬೇಕೇನಬೇ ಯವ್ವಾ?"

ನೀಲವ್ವ ಸಿಕ್ಕಿಸಿದ ಸೆರಗು ಬಿಡಿಸಿಕೊಂಡು ಹಗ್ಗದ ಆಚೆ ಹೋಗಿ ಕೂತಳು. ಕೆಲವರು ಹುಡುಗಿಗೆ ಹಟ ಜಾಸ್ತಿ ಎಂದರು. ಪರಮಾತಾದರೆ ಅವಳು ಜೀವನವಿಡೀ ಎಳೆಗೂಸುಗಳ ಸಾಲಿನಲ್ಲಿ, ಕಾವಲಿನ ಕೈ ಹಿಡಿದು ಜೋಕಾಲಿಗೆ ಹೋಗಬೇಕಾಗಿತ್ತು. ಅವಳು ಒಬ್ಬಳೇ ಇರಬಹುದಾದ ಒಂದು ಜಾಗ ಓಣಿಯಲ್ಲಿ ಹುಟ್ಟುವುದರಲ್ಲಿತ್ತು; ಅದನ್ನು ಅವಳಿಗಾಗಿಯೇ ಕಟ್ಟಿದವರು ನಾವು, ಮುಚ್ಚುತ್ತಿದ್ದವರೂ ನಾವು. ಇದನ್ನು ನಾನು ಅಂದೇ ಇಷ್ಟು ಸ್ಪಷ್ಟವಾಗಿ ತಿಳಿದುಕೊಂಡೆ ಎಂದರೆ ಸುಳ್ಳಾಗುತ್ತದೆ. ಅಂದು ನನಗೆ ನನ್ನ ಕೈಗಳ ಮೇಲೆ ಸಿಟ್ಟು ಬಂದಿತ್ತು, ಅಷ್ಟೆ. ಒಳ್ಳೆಯದನ್ನೇ ಕಲಿತ ಕೈಗಳ ಮೇಲೆ ಸಿಟ್ಟು ಮಾಡುವುದು ಹೇಗೆಂದೂ ಗೊತ್ತಾಗಲಿಲ್ಲ.

ಮುಂದಿನ ದಿನಗಳಲ್ಲಿ ಬಾಗಿಲು ಮುಚ್ಚಿಯೇ ಇತ್ತು. ಮಾತು ಬಾಕಿ ಇರುವವರು ಹಗ್ಗದ ಒಳಗೆ ಹೋಗಬಹುದು, ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಫಕೀರವ್ವ ನನ್ನನ್ನು ಕರೆದಳು. ಯಾಕೆ ನನ್ನನ್ನು ಎಂದು ಕೇಳಿದೆ. ನಿನ್ನದು ಮಾತು ಕಡಿಮೆ, ಸಮಾಧಾನ ಹೇಳುವುದಿಲ್ಲ ಎಂದಳು. ಹಿರಿಯರ ಪೈಕಿ ಶಂಕ್ರಪ್ಪಜ್ಜ ಮತ್ತು ಖಾದರಸಾಬ ಕಾಕಾ ಸಾಕ್ಷಿಗೆಂದು ಜಗಳಗಟ್ಟೆಯ ಮೇಲೆ ಕೂತಿರುತ್ತಿದ್ದರು. ನೀಲವ್ವ ಹೊರಗಿನ ಬೇವಿನ ನೆರಳಿನಲ್ಲಿ ಕೂತು ಇತ್ತ ಬೆನ್ನು ಮಾಡಿರುತ್ತಿದ್ದಳು, ಆದರೆ ಪ್ರತಿ ಸದ್ದಿಗೂ ಅವಳ ಹೆಗಲು ಕುಣಿಯುತ್ತಿತ್ತು.

ಅಂಗಳದಲ್ಲಿ ತೂಗುಹಲಗೆ ಎಂಬುದೊಂದಿದೆ. ನೆಲಕ್ಕೆ ಹತ್ತಿರವೇ ಸರಪಳಿಯಿಂದ ಇಳಿಬಿಟ್ಟ ಅಗಲವಾದ ಹಲಗೆ; ಅದರ ಮೇಲೆ ನಿಂತರೆ ಎಂಥವರ ಕಾಲೂ ತಮ್ಮ ಮಾತು ಕೇಳುವುದಿಲ್ಲ. ಒಂದು ಸಂಜೆ ನಾವಿಬ್ಬರೂ ಅದರ ಮೇಲೆ ಹತ್ತಿದೆವು. ನಾನು ಸರಪಳಿ ಬಿಗಿಯಾಗಿ ಹಿಡಿದೆ. ಫಕೀರವ್ವನಿಗೆ ಅದು ದಿನನಿತ್ಯದ ನೆಲದಂತೆಯೇ ಇತ್ತು; ಅವಳು ಹುಟ್ಟಿನಿಂದ ತೂಗುಹಲಗೆಯ ಮೇಲೆ ನಡೆಯುತ್ತ ಬಂದವಳು. ನನ್ನ ಮುಖ ನೋಡಿ ಅವಳಿಗೆ ನಗು ಬಂತು. ನಿನ್ನ ಕಾಲೇಜಿನಲ್ಲಿ ನಿಲ್ಲುವುದನ್ನು ಕಲಿಸಲಿಲ್ಲವೇನು ಎಂದು ಕೇಳಿ, ಹೆಗಲಿನಿಂದ ನನ್ನನ್ನು ದೂಡಿದಳು. ಬೇಕೆಂದೇ ದೂಡಿದಳು. ನಾನು ಬಿದ್ದೆ. ಎದ್ದು ಹತ್ತಿದೆ, ಮತ್ತೆ ದೂಡಿದಳು. ಮೂರನೆಯ ಸಲ ನನ್ನೊಳಗೆ ಏನೋ ಚುರುಕಾಯಿತು. ಅದಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೆಯ ಪದವಿಲ್ಲ. ನಿಮ್ಮದರಲ್ಲಿ ಚೇಷ್ಟೆಯೂ ಅಲ್ಲ, ಸೇಡೂ ಅಲ್ಲ, ಎರಡರ ನಡುವಿನದೇನಾದರೂ ಇದ್ದರೆ ಅದು. ಅವಳು ವಾಲಿದ್ದಳು. ನನ್ನ ಕೈ ಎಂದಿನಂತೆ ತಾನೇ ಹೋಯಿತು. ಹೋಗಿ, ಹಿಡಿಯುವ ಬದಲು ದೂಡಿತು.

ಫಕೀರವ್ವ ಬಿದ್ದಳು.

ಶಂಕ್ರಪ್ಪಜ್ಜ ಅರ್ಧ ಎದ್ದು ನಿಂತರು. ಏನಾಯಿತು ಎಂದು ಕಾಕಾ ಕೇಳುತ್ತಲೇ ಇದ್ದರು. ನನ್ನ ಎರಡೂ ಕೈ ಮುಂದಕ್ಕೆ ಚಾಚಿಯೇ ಇದ್ದವು, ಅವುಗಳನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಅವಳು ಮಗ್ಗುಲಾಗಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇದ್ದಳು. ಮೆತ್ನೆಲಕ್ಕೆ ಕೆನ್ನೆ ಒತ್ತಿ, ಹತ್ತಿರದಿಂದ ಅದನ್ನೇ ನೋಡುತ್ತಿದ್ದಳು. ಆಮೇಲೆ ಏಳಲು ಶುರುಮಾಡಿದಳು. ಮೊದಲು ಮೊಣಕಾಲು, ಆಮೇಲೆ ಕೈ, ಕೈ ಜಾರಿತು, ಮತ್ತೆ ಮೊಣಕಾಲು. ಅಷ್ಟು ಉದ್ದನೆಯ ಏಳುವಿಕೆಯನ್ನು ನಾನು ಕಂಡಿರಲಿಲ್ಲ. ಹಗ್ಗದ ಆಚೆ ನೀಲವ್ವ ಎದ್ದು ಈ ಕಡೆ ತಿರುಗಿ, ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅವಳು ಬರಲಿಲ್ಲ. ಬಾರದೆ ಇರುವುದು ಆ ಹೊತ್ತಿನಲ್ಲಿ ಅವಳಿಗೆ ಎಷ್ಟು ಕಷ್ಟವಾಗಿರಬಹುದೆಂದು ನಾನು ಬೇರೆ ಬೇರೆ ರೀತಿಯಲ್ಲಿ ಊಹಿಸಿದ್ದೇನೆ; ಕೇಳುವ ಧೈರ್ಯ ಬಂದಿಲ್ಲ.

ಫಕೀರವ್ವ ನಿಂತಳು. ಮೊಳಕೈ ತಿರುವಿ ನೋಡಿಕೊಂಡಳು, ರಕ್ತ ಬಂದಿತ್ತು.

"ಬಿದ್ನಿ. ನೆಲ ಚಲೋ ಐತಿ," ಎಂದಳು. "ಸರಪಳಿ ಕೊಂಡಿ ಕೆತ್ತತೈತಿ. ಅದಕ್ಕ ಏನರ ಸುತ್ರಿ."

ಆ ಕೊಂಡಿ ಬೇರೆ ಯಾರಿಗೂ ತಾಗಿರಲಿಲ್ಲ. ನಾವು ಯಾರೂ ಅವಳ ಹಾಗೆ ವಾಲುತ್ತ, ಕೈ ಬೀಸುತ್ತ ಬಿದ್ದವರಲ್ಲ. ಆದರೂ ಶಂಕ್ರಪ್ಪಜ್ಜ ಒಂದು ತಕರಾರು ಎತ್ತಿದರು. "ದೂಡಿಸಿಕೊಂಡು ಬಿದ್ದದ್ದು ಬಿದ್ದಾಂಗ ಹ್ಯಾಂಗ ಆಕ್ಕೈತಿ, ಮಗಳ? ಇದು ಬೀಳೂದಲ್ಲ, ಬೀಳಸೂದು."

"ಆಟದಾಗ ದೂಡತಾರ ಅಜ್ಜಾ," ಎಂದಳು ಫಕೀರವ್ವ. "ನನ್ನ ಯಾರೂ ಆಟಕ್ಕ ಕರದಿದ್ದಿಲ್ಲ, ಹಂಗಾಗಿ ನಿಮಗ ಗೊತ್ತಿಲ್ಲ."

ಖಾದರಸಾಬ ಕಾಕಾ ಜೋರಾಗಿ ನಕ್ಕು, "ಶಂಕ್ರಪ್ಪಾ, ಆ ದಿನ ನೀನೂ ನಾವು ಬೈದ ಮ್ಯಾಲೇ ಬಿದ್ದಿ, ಮರತೇನು?" ಎಂದು ಕೇಳಿದರು. ಜಗಳಗಟ್ಟೆಯ ಮೇಲೆ ಕತ್ತಲಾಗುವವರೆಗೆ ವಾದ ನಡೆಯಿತು. ಮರುದಿನ ಬೆಳಿಗ್ಗೆ ಕೊಂಡಿಗಳಿಗೆ ಬಟ್ಟೆ ಸುತ್ತಿ ಹಗ್ಗ ಬಿಚ್ಚಿದರು.

ಕಾಗದ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹಿರಿಯರೂ ಇಲ್ಲಿಗೇ ಮುಗಿಸು ಎಂದರು. ಆದರೆ ಅಂದಿನಿಂದ ನನಗೆ ಏನೂ ಸರಿಯಾಗಿ ತಿಳಿಯುತ್ತಿಲ್ಲ. ಅಂಗಳದಲ್ಲಿ ಈಗ ಎಲ್ಲರೂ ದೂಡುವುದನ್ನು ಕಲಿತಿದ್ದಾರೆ. ಗಾಲಿಕುರ್ಚಿಯವರು ಡಿಕ್ಕಿ ಹೊಡೆಯುವ ಆಟವೊಂದನ್ನು ಹುಟ್ಟಿಸಿದ್ದಾರೆ, ಕಾಕಾ ಅದರಲ್ಲಿ ಕುರ್ಚಿಯಿಲ್ಲದೆಯೇ ನುಗ್ಗುತ್ತಾರೆ. ಮಕ್ಕಳ ಕೈಪಾಠ ಕೆಡುತ್ತಿದೆ ಎಂದು ಟೀಚರು ದೂರು ತಂದಿದ್ದಾರೆ. ಹೋದ ವಾರ ನಾನು ಫಕೀರವ್ವನ ಜೊತೆ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಮೆಟ್ಟಿಲ ಬಳಿ ಅವಳು ವಾಲಿದಳು. ನನ್ನ ಕೈ ಅರ್ಧಕ್ಕೆ ಹೋಗಿ ನಿಂತಿತು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಅದು ನನ್ನನ್ನು ಏನು ಮಾಡಲಿ ಎಂದು ಕೇಳಿತು. ಅವಳು ಬಿದ್ದಳು. ಜೋಳದ ಹಿಟ್ಟು ರಸ್ತೆಯ ತುಂಬ ಹರಡಿ, ಅವಳ ತಲೆ, ನನ್ನ ಸೀರೆ ಎಲ್ಲ ಬೆಳ್ಳಗಾಯಿತು.

"ಇಲ್ಲಿ ಹಿಡೀಬೇಕಿತ್ತಲ್ಲೇ ದಾಕ್ಷಿ," ಎಂದಳು ಅವಳು, ನೆಲದ ಮೇಲಿಂದಲೇ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಕೈಗಳಿಗೆ ಪಾಠವಿರಲಿಲ್ಲ. ಯಾರಾದರೂ ನಿಮ್ಮ ಎದುರಿಗೆ ವಾಲಿದಾಗಲೆಲ್ಲ ನೀವು ಆ ಗಳಿಗೆಯಲ್ಲಿಯೇ, ನೀವೇ ತೀರ್ಮಾನಿಸಬೇಕಾಗಿತ್ತು, ಹಿಡಿಯುವುದೋ ಬಿಡುವುದೋ ಎಂದು. ನಿಮ್ಮಲ್ಲಿ ಎಷ್ಟೋ ಜನ ಸುತ್ತು ಹಾಕಿ ಹೋದರೆಂದು ಗೊತ್ತಿದೆ, ಅದರ ಬಗ್ಗೆ ನಾನು ಕೇಳುತ್ತಿಲ್ಲ. ನಿಂತವರೂ ಇದ್ದರಲ್ಲ. ಅವರು ಹೇಗೆ ತಿಳಿದುಕೊಂಡರು? ನೀವು ನಿಮ್ಮ ಊರಿನಲ್ಲಿ ಎಲ್ಲರಿಗೂ ಆಗುವಂಥ ಆಟದ ಬಯಲು ಕಟ್ಟುವಾಗ, ಗಾಲಿಗೆ ದಾರಿ ಮಾಡಿದಿರಿ, ಹಿಡಿದುಕೊಳ್ಳಲು ಕಂಬಿ ಹಾಕಿದಿರಿ. ಒಬ್ಬ ಹುಡುಗಿ ಬೀಳಲು ಬಯಸಿದರೆ ಎಂದು ಯಾರಾದರೂ ಕೇಳಿದ್ದುಂಟೇ? ಕೇಳಿದ್ದರೆ ಆಕೆಗೆ ಏನು ಹೇಳಿದಿರಿ?

ಈ ಕಾಗದವನ್ನು ಫಕೀರವ್ವ ಓದಿದ್ದಾಳೆ. ಸತ್ತುಹೋದವರನ್ನು ಕೇಳುವ ಬದಲು ನನ್ನನ್ನೇ ಕೇಳಬಾರದೇ ಎಂದಳು. ಬೀಳುತ್ತಿರುವಾಗ ಕೇಳಲು ಹೊತ್ತೆಲ್ಲಿದೆ ಎಂದೆ. ಅವಳು ಯೋಚಿಸಿದಳು.

"ಹಂಗಾರ ನಿನಗ ತಿಳದಂಗ ಮಾಡು," ಎಂದಳು. "ತಪ್ಪಿದ್ರ ಬೈತೀನಿ, ಬೈಸ್ಕೋ."

ಇದು ಉತ್ತರವೋ ಅಲ್ಲವೋ ನನಗೆ ತಿಳಿಯುತ್ತಿಲ್ಲ. ಬೈಗುಳ ತಿನ್ನುತ್ತ ತಿನ್ನುತ್ತ ಕೈಗೆ ಬುದ್ಧಿ ಬರುತ್ತದೆಯೋ, ಅಥವಾ ಅದು ಎಂದೂ ಪೂರ್ತಿ ಬಾರದ ಬುದ್ಧಿಯೋ, ಅದೂ ತಿಳಿಯದು. ಹಿಂದಂಚೆಗೆ ಮಾರುತ್ತರ ಬರುವುದಿಲ್ಲ, ಅದು ಒಂದೇ ದಿಕ್ಕಿನ ಅಂಚೆ. ಆದರೆ ನೀವು ಬರೆದಿಟ್ಟದ್ದು ಕಾಲ ಕಳೆದು ನಮ್ಮ ಕೈಗೆ ಬಂದೇ ಬರುತ್ತದೆ. ನಿಮ್ಮಲ್ಲಿ ಒಂದು ವಿನಂತಿ. ಹಿಡಿದದ್ದಕ್ಕೆ ಬೈಸಿಕೊಂಡದ್ದು, ಹಿಡಿಯದೆ ಬೈಸಿಕೊಂಡದ್ದು, ಯಾರು ಬೈದರು, ಏನೆಂದು ಬೈದರು, ನಾಚಿಕೆಪಡದೆ ಎಲ್ಲಿಯಾದರೂ ಬರೆದಿಡಿ. ನಾವು ಹುಡುಕುತ್ತೇವೆ.

ಇಂತು,
ದಾಕ್ಷಾಯಣಿ